ಅವರು ಬಿಳಿ ಎಂದ ಮೂಲೆ

ನಾನು ಹುಟ್ಟು ಪುಕ್ಕಲಿ. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನಲ್ಲಿ ದೂರದೂರಿನ ಮೇಲ್ ಗಾಡಿ ನಿಲ್ಲದೆ ಹಾದುಹೋಗುವಾಗ ಇವತ್ತಿಗೂ ಕಂಬ ಹಿಡಿದು ನಿಲ್ಲುತ್ತೇನೆ. ಗ್ಯಾಸ್ ಸಿಲಿಂಡರು, ಬೀದಿನಾಯಿ, ಬಾಗಿಲು ಸರಿಯಾಗಿ ಮುಚ್ಚದ ಲಿಫ್ಟು, ಗೊತ್ತಿಲ್ಲದ ನಂಬರಿನ ಫೋನು, ಎಲ್ಲಕ್ಕೂ ನನ್ನ ಎದೆ ಹೊಡೆದುಕೊಳ್ಳುತ್ತದೆ. "ಎಂತ ಹೆದರಿಕೆ ಮಾರಾಯ್ತಿ ನಿಂದು, ಗಾಳಿ ಬೀಸಿದ್ರೂ ಹೆದರ್ತಿ" ಎಂದು ಅಮ್ಮ ಬೈಯುತ್ತಿದ್ದಳು. ಅವಳು ಕುಂದಾಪುರದ ಕಡೆಯವಳು, ಸಮುದ್ರಕ್ಕೇ ಹೆದರಿದವಳಲ್ಲ. ಆದರೆ ಗಾಳಿಗೆ ಹೆದರಲು ನನಗೆ ಕಾರಣವಿತ್ತು. ನಮ್ಮ ಮನೆ ಇದ್ದದ್ದು ಎಂಐಡಿಸಿ ಎಂಬ ಕೈಗಾರಿಕಾ ಬಡಾವಣೆಯ ವಸತಿ ಭಾಗದಲ್ಲಿ. ಹಿಂದಿನ ರಸ್ತೆ ದಾಟಿದರೆ ರಾಸಾಯನಿಕದ ಕಾರ್ಖಾನೆಗಳ ಸಾಲು. ಗಾಳಿ ಈ ಕಡೆ ತಿರುಗಿದ ದಿನ ಮನೆಯೊಳಗೆ ಏನೋ ಒಂದು ವಾಸನೆ ನುಗ್ಗುತ್ತಿತ್ತು, ಕಣ್ಣು ಉರಿಯುತ್ತಿತ್ತು, ಇವತ್ತು ನಮ್ಮ ಕತೆ ಮುಗಿಯಿತು ಎಂದೇ ನನಗೆ ಅನಿಸುತ್ತಿತ್ತು.

ಆಗ ನಾನು ಓಡುತ್ತಿದ್ದದ್ದು ನೆಲಮಹಡಿಯ ಮಾಸ್ತರರ ಬಾಗಿಲಿಗೆ. ಅವರು ಶಾಲೆಯ ಮಾಸ್ತರರಲ್ಲ. ಆ ಸಾಲಿನದೇ ಒಂದು ಬಣ್ಣದ ಕಾರ್ಖಾನೆಯಲ್ಲಿ ರಂಗ್ ಮಾಸ್ತರ್, ಅಂದರೆ ತಯಾರಾದ ಬಣ್ಣ ಸರಿಯಾಗಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಹೇಳುವವರು. ಬಾಗಿಲಲ್ಲಿ ನಿಂತು ಮೂಗೆತ್ತಿ ಎರಡು ಸಲ ಮೂಸುತ್ತಿದ್ದರು. "ಇದು ಹೆದರೂದಲ್ಲ ತಂಗಿ. ಕಿಟಕಿ ಹಾಕಿ ಚಾ ಕುಡದು ಕುಂದರು" ಎನ್ನುತ್ತಿದ್ದರು. ಅಥವಾ, ತೀರಾ ಅಪರೂಪಕ್ಕೆ, "ಅವ್ವನ್ನ ಕರಕೊಂಡು ಒಂದ ತಾಸು ಸ್ಟೇಷನ್ ಕಡೆ ಹೋಗಿ ಬರ್ರಿ" ಎನ್ನುತ್ತಿದ್ದರು. ಯಾವಾಗ ಹೆದರಬೇಕು, ಯಾವಾಗ ಬೇಡ ಎಂದು ಹೇಳುವವರೊಬ್ಬರು ಕೆಳಗಿನ ಮನೆಯಲ್ಲಿದ್ದಾರೆ ಎಂಬ ಧೈರ್ಯದಲ್ಲೇ ನಾನು ಆ ಊರಲ್ಲಿ ಬೆಳೆದೆ.

ಹೋದ ತಿಂಗಳು ರಬಕವಿಯಿಂದ ಅವರ ಮಗಳ ಫೋನು ಬಂತು. ಗೊತ್ತಿಲ್ಲದ ನಂಬರು, ನನ್ನ ಎದೆ ಎಂದಿನಂತೆ ಹೊಡೆದುಕೊಂಡಿತು. "ಅಪ್ಪಾರು ಹೋದ್ರರಿ ಅಕ್ಕಾರ, ಹದಿನೈದು ದಿನಾ ಆತು" ಎಂದಳು. ಆಮೇಲೆ ಅವಳೇ, ಟ್ರಂಕಿನಲ್ಲಿ ಬಣ್ಣದ ಕಾಗದದ ಎರಡು ಡಬ್ಬಿಗಳು ಸಿಕ್ಕಿವೆ, ಮೇಲೆ ನಿಮ್ಮ ಹೆಸರು ಬರೆದಿದೆ, ಏನು ಮಾಡಲಿ ಎಂದು ಕೇಳಿದಳು. ಎಸೆಯಬೇಡ, ನಾಳೆ ಫೋನ್ ಮಾಡುತ್ತೇನೆ ಎಂದು ಹೇಳಿ ಇಟ್ಟುಬಿಟ್ಟೆ. ಹತ್ತು ವರ್ಷಕ್ಕೂ ಮಿಕ್ಕಿ ನಾನು ಯಾವ ಮಾತನ್ನು ಎದುರಿಸಲಾರದೆ ತಪ್ಪಿಸಿಕೊಂಡಿದ್ದೆನೋ ಅದು ಆ ಎರಡು ಡಬ್ಬಿಗಳಲ್ಲಿತ್ತು.

ಮಾಸ್ತರರನ್ನು ನೆನೆದರೆ ಮೊದಲು ಕಾಣುವುದು ಅವರ ಕೈ. ಉಗುರಿನ ಸುತ್ತ ಎಷ್ಟು ತಿಕ್ಕಿದರೂ ಹೋಗದ ನೇರಳೆ ಗೆರೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ನಾಲ್ಕಾರು ನೂಲಿನ ತುಂಡು. ರಬಕವಿಯಲ್ಲಿ ಅವರದು ನೂಲಿಗೆ ಬಣ್ಣ ಹಾಕುವ ಮನೆತನ. ಹೆಂಡತಿ, ಮಗಳು ಅಲ್ಲೇ ಇದ್ದರು, ಇವರು ಇಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಒಬ್ಬರೇ. ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ಅಮ್ಮ ಕಳಿಸುವ ಸಾರನ್ನು ಇಷ್ಟಪಟ್ಟು ತಿಂದು, ಜೊತೆಯ ಅನ್ನವನ್ನು ಮಾತ್ರ "ಇದು ಬ್ಯಾನಿ ಬಿದ್ದವರ ಊಟ" ಎಂದು ತಮಾಷೆ ಮಾಡುತ್ತಿದ್ದರು.

ಮಧ್ಯಾಹ್ನ ಹನ್ನೆರಡರ ಮೇಲೆ ಅವರು ಯಾವ ಬಣ್ಣವನ್ನೂ ನೋಡುತ್ತಿರಲಿಲ್ಲ. ಬೆಳಿಗ್ಗೆ, ಅದೂ ಉತ್ತರದ ಕಿಟಕಿಯಿಂದ ಬರುವ ಬೆಳಕಿನಲ್ಲಿ ಮಾತ್ರ. ಬಿಲ್ಡಿಂಗಿನ ಹೆಂಗಸರು ಸೀರೆಗೆ ಸರಿಹೊಂದುವ ರವಿಕೆ ಬಟ್ಟೆ ಬೇಕಾದಾಗ ಭಾನುವಾರ ಬೆಳಿಗ್ಗೆ ಅವರ ಬಾಗಿಲಲ್ಲಿ ಸೇರುತ್ತಿದ್ದರು. ಅವರು ಸೆರಗಿನ ತುದಿ ನೋಡಿಕೊಂಡು, ತುಂಡು ಗಿಂಡು ಏನೂ ಒಯ್ಯದೆ ಉಲ್ಹಾಸನಗರಕ್ಕೆ ಹೋಗಿ, ಬರೀ ನೆನಪಿನಿಂದ ಅದೇ ಬಣ್ಣದ ಬಟ್ಟೆ ಆರಿಸಿ ತರುತ್ತಿದ್ದರು. ಮೂರನೇ ಮಹಡಿಯ ಮರಾಠಿ ಆಜಿ ಅವರನ್ನು ಪರೀಕ್ಷೆ ಮಾಡಲೆಂದೇ ಒಮ್ಮೆ ಉದ್ದಕ್ಕೊಂದು ಅಡ್ಡಕ್ಕೊಂದು ಬಣ್ಣದ ದಾರ ಹಾಕಿ ನೇಯ್ದ ಸೀರೆ ಕೊಟ್ಟು, ಕೊನೆಗೆ ಸೋತು ಕೈಮುಗಿದಿದ್ದರು.

ಕೆಲಸದ ಮಾತು ಬಂದರೆ ಅವರಿಗೆ ಉತ್ಸಾಹ. ಕಾರ್ಖಾನೆಯಲ್ಲಿ ಪ್ರತಿ ಸಲದ ಬಣ್ಣದಲ್ಲೂ ಒಂದು ಲಡಿ ನೂಲು ಅದ್ದಿ ನೋಡುತ್ತಾರಂತೆ. ಸರಿ ಬಂದ ಲಡಿಗೆ ದಾರದ ಒಂದು ಗಂಟು. ತಿರುಗಿ ಹಂಡೆಗೆ ಹೋಗಬೇಕಾದದ್ದಕ್ಕೆ ಎರಡು ಗಂಟು. "ಚೀಟಿ ಬರದ್ರ ನೀರಾಗ ಅಳಿಸಿ ಹೋಗ್ತೈತಿ. ಗಂಟು ಕತ್ತಲಾಗೂ ಕೈಗೆ ಹತ್ತತೈತಿ" ಎಂದು ನನ್ನ ಓಢಣಿಯ ದಾರಕ್ಕೇ ಗಂಟು ಹಾಕಿ ತೋರಿಸಿದ್ದರು. ಅವರ ಅಪ್ಪ, ಅಜ್ಜನ ಕಾಲದಿಂದ ಬಂದ ಲೆಕ್ಕ ಅದು. ನಾನು ಪರೀಕ್ಷೆ ಪಾಸಾದ ದಿನ ಪೇಢೆಯ ಡಬ್ಬಿಗೆ ಒಂದು ಗಂಟು ಹಾಕಿ ಕಳಿಸಿದ್ದರು.

ಇನ್ನೊಂದು ಕೆಲಸವೂ ಅವರದೇ. ಬಣ್ಣ ಮಾಡುವ ಹಂಡೆಯಲ್ಲಿ ಮಂಜುಗಡ್ಡೆ ಹಾಕಿ ತಂಪು ಮಾಡಿ ಒಂದು ಉಪ್ಪನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ನಡುನಡುವೆ ಒಂದು ಹನಿ ತೆಗೆದು ಕಾಗದದ ಪಟ್ಟಿಯ ಮೇಲೆ ಇಡಬೇಕು. ಪಟ್ಟಿ ನೀಲಿಗೆ ತಿರುಗಿತೆಂದರೆ ಸಾಕು, ನಿಲ್ಲಿಸಬೇಕು. "ನಿಲ್ಲಿಸದಿದ್ರೆ?" ಎಂದು ನಾನು ಕೇಳಿದ್ದೆ. "ಕಂದು ಹೊಗಿ ಏಳತೈತಿ. ಆ ಹೊಗಿ ಕುಡದವರು ಎದ್ದು ಮನೀಗೆ ಹೋಗ್ತಾರ, ಊಟಾ ಮಾಡ್ತಾರ, ಆಮ್ಯಾಲ ಉಸಿರು ಕಟ್ಟತೈತಿ" ಎಂದು ಅವರು ಸಹಜವಾಗಿ ಹೇಳಿ, ನನ್ನ ಮುಖ ನೋಡಿ ನಕ್ಕುಬಿಟ್ಟರು. "ಯಾಕ ಹೆದರ್ತೀ? ಪಟ್ಟಿ ನೋಡಾಂವ ನಾನ ಇದ್ದೀನಲ್ಲ." ಆ ಕಂದು ಹೊಗೆ ಎಷ್ಟೋ ದಿನ ನನ್ನ ಕನಸಿಗೆ ಬರುತ್ತಿತ್ತು, ಕನಸಿನ ಕೊನೆಗೆ ಅವರೂ ಬಂದು ಹಂಡೆ ನಿಲ್ಲಿಸುತ್ತಿದ್ದರು.

ಡಿಪ್ಲೊಮಾ ಮುಗಿಸಿ ನಾನು ಸ್ಟೇಷನ್ ಹತ್ತಿರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳತೊಡಗಿದ್ದೆ. ಇಟ್ಟಿಗೆಯಷ್ಟು ಭಾರದ ಮೌಸು, ದಪ್ಪ ಬೆನ್ನಿನ ಮಾನಿಟರು, ಮಧ್ಯಾಹ್ನ ಲೋಡ್ ಶೆಡ್ಡಿಂಗ್ ಇದ್ದ ಕಾಲ. ಒಂದು ಸಂಜೆ ಮಾಸ್ತರರು ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

"ತಂಗಿ, ನಮ್ಮ ಕಂಪನಿಗೆ ಬಣ್ಣ ಅಳೆಯೂ ಮಶೀನ್ ಬಂದೈತಿ. ನನ್ನ ಕಣ್ಣಿಗಿಂತ ಶಾಣ್ಯಾ ಅಂತ ಅದು. ಕಂಪ್ಯೂಟರ್ ಬಣ್ಣ ಹೆಂಗ ಕೂಡಸ್ತೈತಿ? ನನಗ ಒಂದಿಷ್ಟು ಹೇಳಿಕೊಡು."

ಅವರ ದನಿಯಲ್ಲಿ ಎಂದೂ ಇಲ್ಲದ ಒಂದು ಸಣ್ಣ ನಡುಕ ಇತ್ತು. ವಯಸ್ಸಾದವರಿಗೆ ಯಂತ್ರದ ಭಯ ಎಂದುಕೊಂಡೆ. ನನಗಿಂತ ಹೆದರುವವರೂ ಇದ್ದಾರಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಕ್ಲಾಸಿನ ಬೀಗ ತೆಗೆದು ಅವರನ್ನು ಕೂರಿಸಿಕೊಂಡೆ. ಕಂಪ್ಯೂಟರಿಗೆ ಮೂರೇ ಬಣ್ಣ, ಕೆಂಪು, ಹಸಿರು, ನೀಲಿ, ಮಿಕ್ಕದ್ದೆಲ್ಲ ಇವನ್ನು ಬೆರೆಸಿದ್ದು ಎಂದೆ. ಕೆಂಪು, ಹಸಿರು ಕೂಡಿದರೆ ಹಳದಿ ಎಂದಾಗ ಅವರು ಸ್ಟೂಲಿನಿಂದ ಎದ್ದೇಬಿಟ್ಟರು.

"ಯಾರು ಹೇಳಿದ್ರು ನಿನಗ? ಕೆಂಪು ಹಸಿರು ಕೂಡಿದ್ರ ರಾಡಿ ಆಗತೈತಿ. ಮೂವತ್ತು ವರ್ಷಾ ಹಂಡೆ ತಿರುವೀನಿ ನಾನು."

"ಅದು ನೀರಿನ ಬಣ್ಣ ಕಾಕಾ. ಇದು ಬೆಳಕಿನ ಬಣ್ಣ. ಬೆಳಕಲ್ಲಿ ಹಾಗೇ ಆಗೋದು. ಮೂರನ್ನೂ ಪೂರ್ತಿ ಕೂಡಿಸಿದ್ರೆ ಬಿಳಿ."

"ಬಿಳಿ!" ಎಂದು ಅವರು ಪರದೆಯ ಹತ್ತಿರ ಮುಖ ಒಯ್ದು ನೋಡಿದರು. ಬಹಳ ಹೊತ್ತು ನೋಡಿದರು. "ಎಲ್ಲಾ ಬಣ್ಣ ಒಂದ ಕಡೆ ತೋರಿಸಾಕ ಬರತೈತೇನು? ಒಂದೂ ಬಿಡದಂಗ?" ಎಂದು ಕೇಳಿದರು.

ಅದಕ್ಕೆ ನನಗೆ ಹೊಳೆದದ್ದು ಬಣ್ಣದ ಘನ, ಅಂದರೆ ಆರು ಮುಖದ ಒಂದು ಚೌಕ ಡಬ್ಬಿ. ಮೂರು ಬಣ್ಣವನ್ನು ಡಬ್ಬಿಯ ಉದ್ದ, ಅಗಲ, ಎತ್ತರ ಎಂದುಕೊಂಡರೆ ಎಂಟು ಮೂಲೆಗಳಿಗೆ ಎಂಟು ಬಣ್ಣ ಬರುತ್ತವೆ: ಕಪ್ಪು, ಕೆಂಪು, ಹಸಿರು, ನೀಲಿ, ಹಳದಿ, ಫಿರೋಜಿ ಎಂಬ ಹಸಿರುನೀಲಿ, ರಾಣಿ ಎಂಬ ಗಾಢ ಗುಲಾಬಿ, ಬಿಳಿ. ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವಾಗ ಬಣ್ಣ ಮೆಲ್ಲಗೆ ಬೆರೆಯುತ್ತಾ ಬದಲಾಗುತ್ತದೆ. ಆದರೆ ಪರದೆ ಚಪ್ಪಟೆ, ಡಬ್ಬಿಯ ಮೂರೇ ಮುಖ ಕಾಣುತ್ತದೆ. ಆದ್ದರಿಂದ ಮಿಠಾಯಿ ಡಬ್ಬಿಯನ್ನು ಬಿಡಿಸಿ ಹರವಿದ ಹಾಗೆ ಆರೂ ಮುಖಗಳನ್ನು ಶಿಲುಬೆಯ ಆಕಾರದಲ್ಲಿ ಹರವಬೇಕು. ಪ್ರೋಗ್ರಾಮ್ ದೊಡ್ಡದೇನಲ್ಲ. ಪ್ರತಿ ಮುಖಕ್ಕೂ ಒಂದು ಬಣ್ಣವನ್ನು ಸೊನ್ನೆಯಲ್ಲೋ ಪೂರ್ತಿಯಲ್ಲೋ ನಿಲ್ಲಿಸಿ, ಉಳಿದೆರಡನ್ನು ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಓಡಿಸಬೇಕು. ಕಷ್ಟ ಇರುವುದು ಯಾವ ಬಣ್ಣ ಯಾವ ದಿಕ್ಕಿಗೆ ಓಡಬೇಕು ಎಂಬುದರಲ್ಲಿ. ಕಾಗದವನ್ನು ಕತ್ತರಿಸಿ ತಿರುಗಿ ಡಬ್ಬಿ ಮಡಿಚಿದರೆ ಪ್ರತಿ ಅಂಚಿನಲ್ಲೂ ಎರಡು ಮುಖದ ಬಣ್ಣ ಒಂದೇ ಆಗಿ ಸೇರಬೇಕು. ಒಂದು ದಿಕ್ಕು ತಪ್ಪಿದರೂ ಅಂಚು ಒಡೆಯುತ್ತದೆ.

ನಾನು ಒಂದು ವಾರ ಅದರಲ್ಲಿ ಮುಳುಗಿದೆ. ಶನಿವಾರ ಪಕ್ಕದೂರು ಕಲ್ಯಾಣದ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಮರುದಿನ ಬೆಳಿಗ್ಗೆ ಅವರ ಮನೆಗೆ ಒಯ್ದೆ. ಹಾಳೆ ನೋಡಿ ಅವರ ಮುಖ ಅರಳಿತು. ಮೈದಾ ಅಂಟು ಆಗಲೇ ಕಾಯಿಸಿ ಇಟ್ಟಿದ್ದರು. ಉತ್ತರದ ಕಿಟಕಿಯ ಕೆಳಗೆ ಚಾಪೆ ಹಾಸಿ, ಕತ್ತರಿಸಿ, ಮಡಿಚಿ, ಅಂಟಿಸಿ, ಅಂಗೈ ಮೇಲೆ ಡಬ್ಬಿ ನಿಲ್ಲಿಸಿದರು.

ನನಗೆ ತಪ್ಪು ಆ ಕ್ಷಣವೇ ಕಂಡಿತು. ಮೂರು ಮುಖಗಳು ಸೇರುವ ಬಿಳಿ ಮೂಲೆಯಲ್ಲಿ ಎರಡು ಬಿಳಿ ಇದ್ದವು, ಒಂದು ಹಳದಿ. ಕೆಂಪನ್ನು ಪೂರ್ತಿಯಲ್ಲಿ ನಿಲ್ಲಿಸಿದ ಮುಖದಲ್ಲಿ ನಾನು ನೀಲಿಯನ್ನು ಹಿಂದುಮುಂದಾಗಿ ಓಡಿಸಿದ್ದೆ. ಬಿಳಿ ಇರಬೇಕಾದಲ್ಲಿ ಹಳದಿ, ಹಳದಿ ಇರಬೇಕಾದಲ್ಲಿ ಬಿಳಿ, ಕೆಂಪಿನ ಜಾಗದಲ್ಲಿ ರಾಣಿ, ರಾಣಿಯ ಜಾಗದಲ್ಲಿ ಕೆಂಪು. ಆ ಮುಖದ ನಾಲ್ಕೂ ಅಂಚು ಒಡೆದಿದ್ದವು. ನಾಚಿಕೆಯಿಂದ ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಹೆಬ್ಬೆರಳಿನಿಂದ ಒಂದೊಂದೇ ಅಂಚು ಸವರುತ್ತ, ಬೆಳಕಿಗೆ ಹಿಡಿದು ತಿರುಗಿಸುತ್ತ, ತಲೆದೂಗಿದರು.

"ಬರೋಬ್ಬರ್ ಕೂಡೇತಿ. ಒಂದ ಜೋಡಣಿನೂ ತಪ್ಪಿಲ್ಲ. ಶಾಬ್ಬಾಸ್ ಮಗಳ."

ಅವರು ನನ್ನನ್ನು ಕೆಣಕುತ್ತಿದ್ದಾರೆ ಎಂದುಕೊಂಡೆ. ನಗಲು ನೋಡಿದೆ. ಅವರು ನಗುತ್ತಿರಲಿಲ್ಲ.

"ಕಾಕಾ, ಈ ಮೂಲೆ ಯಾವ ಬಣ್ಣ?" ಎಂದು ಹಳದಿಯ ಮೇಲೆ ಬೆರಳಿಟ್ಟೆ.

"ಬಿಳಿ."

"ಸರಿಯಾಗಿ ನೋಡಿ."

"ಬಿಳಿನ ಐತಲ್ಲ. ಒಂದೀಟು ಮಾಸಿದಂಗ ಐತಿ, ಪ್ರಿಂಟ್ ಹಂಗ ಬಂದಿರಬೇಕು."

ನನ್ನ ಬೆನ್ನಲ್ಲಿ ಚಳಿ ಇಳಿಯಿತು. ಅರಿಸಿನದಷ್ಟು ಹಳದಿ ಅದು, ಯಾವ ಮಗುವೂ ಹೇಳುತ್ತಿತ್ತು. ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ದೀಪಾವಳಿಗೆ ಅವರು ತಂದ ರವಿಕೆ ಬಟ್ಟೆ ಹೊಂದಲಿಲ್ಲವೆಂದು ಆಜಿ ಗೊಣಗಿದ್ದು. ಅಂಗಡಿಯವನೇ ಮೋಸ ಮಾಡಿದ್ದಾನೆಂದು ಎಲ್ಲರೂ ಅವನಿಗೆ ಬೈದದ್ದು. ಹಳದಿ ನೀರು ಹರಿಯುವ ನಾಲೆಯನ್ನು ತೋರಿಸಿ "ಇವತ್ತ ಸ್ವಚ್ಛ ಐತಿ ನೋಡು" ಎಂದು ಅವರು ಹೇಳಿದ್ದು, ನಾನು ಅದನ್ನು ತಮಾಷೆಯೆಂದು ನಕ್ಕಿದ್ದು. ಆಮೇಲೆ ನೆನಪಾದದ್ದು ಕಾಗದದ ಪಟ್ಟಿ. ಬೆಳಕಿನಲ್ಲಿ ಹಳದಿಗೂ ಬಿಳಿಗೂ ಇರುವ ವ್ಯತ್ಯಾಸ ನೀಲಿಯೊಂದೇ. ನೀಲಿಯನ್ನೇ ಕಾಣದ ಕಣ್ಣು ಪಟ್ಟಿ ನೀಲಿಯಾದದ್ದನ್ನು ಹೇಗೆ ಕಂಡೀತು? ನನಗೆ ಎದ್ದು ಓಡಿಹೋಗಬೇಕೆನಿಸಿತು.

ನನ್ನ ಮುಖದಲ್ಲೇ ಅವರಿಗೆ ಎಲ್ಲ ತಿಳಿಯಿತು. ಡಬ್ಬಿಯನ್ನು ಚಾಪೆಯ ಮೇಲಿಟ್ಟರು.

"ತಪ್ಪ ಐತೇನು?" ಎಂದು ಮೆಲ್ಲಗೆ ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ವರ್ಷ ಆತವ್ವಾ. ಮೊದಲ ಹಳದಿ ಮಸುಕಾತು, ಆಮ್ಯಾಲ ನೀಲಿ. ಎಲ್ಲಾ ಬಣ್ಣ ಒಂದ ಕಡೆ ಸಿಕ್ರ, ಯಾವ ಯಾವದು ಕಳದಾವು ಅಂತ ಹುಡುಕಬಹುದಲ್ಲಾ ಅಂತ ನಿನ್ನ ಕಡೆ ಮಾಡಿಸಿದೆ. ನೋಡಿದ್ರ ಎಲ್ಲಾ ಅದಾವು ಅನಿಸ್ತು. ಭಾಳ ಸಂತೋಷ ಆಗಿತ್ತು."

"ಮತ್ತೆ ಆ ಪಟ್ಟಿ?"

ಅವರು ತಲೆ ತಗ್ಗಿಸಿದರು. ಕೈಕೆಳಗೊಬ್ಬ ಸಹಾಯಕ ಇದ್ದಾನೆ, ಅವನಿಗೆ ಕಲಿಸುವವರ ಹಾಗೆ "ನೀ ಹೇಳು ನೋಡೂಣು, ಆತೇನು ಇಲ್ಲೇನು?" ಎಂದು ಪ್ರತಿ ಸಲ ಕೇಳುತ್ತೇನೆ, ಅವನು ಆಯಿತು ಎಂದಾಗ ನಿಲ್ಲಿಸುತ್ತೇನೆ ಎಂದರು. ಅವರು ಎಷ್ಟು ಚೆನ್ನಾಗಿ ಕೆಲಸ ಕಲಿಸುತ್ತಾರೆ ಎಂದು ಕಂಪನಿಯಲ್ಲಿ ಹೊಗಳುತ್ತಿದ್ದರಂತೆ. ಆ ಸಹಾಯಕ ತಂಗಿಯ ಮದುವೆಗೆಂದು ಹಿಂದಿನ ದಿನವೇ ಊರಿಗೆ ಹೋಗಿದ್ದ. ಬರುವುದು ಹದಿನೈದು ದಿನದ ಮೇಲೆ. ಸೋಮವಾರದಿಂದ ಹಂಡೆಯ ಮುಂದೆ ಮಾಸ್ತರರು ಒಬ್ಬರೇ.

"ಸೂಟಿ ಹಾಕಿ ಕಾಕಾ."

"ಹದಿನೈದ ದಿನ ಯಾರ ಕೊಡ್ತಾರ? ಯಾಕ ಅಂತ ಕೇಳ್ತಾರ. ಕಣ್ಣ ಹೋದ ರಂಗ್ ಮಾಸ್ತರನ್ನ ಇಟ್ಟಕೊಂಡು ಏನ ಮಾಡ್ತಾರವ್ವಾ? ಇದೊಂದ ಬಿಟ್ರ ನನಗ ಏನೂ ಬರೂದಿಲ್ಲ." ಅವರು ನನ್ನ ಕೈ ಹಿಡಿದುಕೊಂಡರು. "ಪಟ್ಟಿ ಒಂದೀಟು ಕಪ್ಪಾದಂಗ ಕಾಣತೈತಿ. ಅಂದಾಜಿನ ಮ್ಯಾಲ ಮಾಡ್ತೀನಿ. ಯಾರ ಮುಂದೂ ಹೇಳಬ್ಯಾಡ."

ನನ್ನ ಪೂರ್ತಿ ಬಾಲ್ಯವನ್ನು ಹೆದರಿಕೆಯಿಂದ ಕಾಪಾಡಿದ ಕೈ ಅದು, ಈಗ ನನ್ನ ಆಸರೆ ಬೇಡುತ್ತಿತ್ತು. ನಾನು ಹೂಂ ಅಂದೆನೋ ಉಹೂಂ ಅಂದೆನೋ ನೆನಪಿಲ್ಲ. ಮೇಲೆ ಬಂದು ಬಾಗಿಲು ಹಾಕಿಕೊಂಡೆ. ಅಂದಾಜು! ಆ ಹಂಡೆಯ ಸುತ್ತ ಎಷ್ಟು ಜನ ಇರುತ್ತಾರೆ, ಗೋಡೆಯಾಚೆ ಎಷ್ಟು ಮನೆ, ಅಮ್ಮ ಬಟ್ಟೆ ಒಣಹಾಕುವ ತಾರಸಿ ಎಷ್ಟು ಹತ್ತಿರ ಎಂದು ಎಣಿಸುತ್ತ ಕೂತೆ. ಕಂಪನಿಗೆ ಹೋಗಿ ಹೇಳಿದರೆ ಅವರ ಅನ್ನ ಕಿತ್ತುಕೊಂಡ ಹಾಗೆ. ಸುಮ್ಮನಿದ್ದರೆ ಏನಾಗಬಹುದೆಂದು ಯೋಚಿಸಲೂ ಧೈರ್ಯವಿರಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ಅವತ್ತೇ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿದ್ದಳು.

ಮಧ್ಯಾಹ್ನ ಕ್ಲಾಸಿಗೆ ಹೋಗಿ ಪ್ರೋಗ್ರಾಮ್ ತೆರೆದೆ. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಅದನ್ನು ತಿದ್ದಿ, ಕಲ್ಯಾಣಕ್ಕೆ ಹೋಗಿ ಮತ್ತೆ ಪ್ರಿಂಟ್ ತೆಗೆಸಿ, ಇನ್ನೊಂದು ಡಬ್ಬಿ ಮಾಡಿದೆ. ಈ ಸಲ ಎಲ್ಲ ಅಂಚೂ ಸೇರಿದವು. ಆ ದಿನ ನನ್ನ ಕೈಗೆ ಬೇರೆ ಕೆಲಸ ಯಾವುದೂ ಹತ್ತುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ಊಟದ ಡಬ್ಬದ ಚೀಲ ಹಿಡಿದು ಹೊರಟಾಗ ನಾನು ಅವರ ಬಾಗಿಲಲ್ಲಿ ನಿಂತಿದ್ದೆ. ದೊಡ್ಡವರ ಎದುರು ದನಿಯೆತ್ತಿದವಳಲ್ಲ ನಾನು. ಹಳೆಯ ಡಬ್ಬಿಯನ್ನು ಅವರ ಕಿಟಕಿಯಿಂದ ತೆಗೆದು, ಹೊಸದರ ಜೊತೆ ಅವರ ಕೈಯಲ್ಲಿಟ್ಟೆ.

"ಎರಡರಲ್ಲಿ ಒಂದು ಸರಿ, ಒಂದು ತಪ್ಪು. ಯಾವುದು ಸರಿ ಅಂತ ಹೇಳಿ ಕಾಕಾ. ನೀವು ಹೇಳಿದ್ರೆ ನಾನು ಯಾರಿಗೂ ಹೇಳೋದಿಲ್ಲ, ದೇವರಾಣೆ."

"ಹೇಳದಿದ್ರ?"

ನನಗೆ ಅಳು ಬಂತು.

ಅವರು ಒಳಗೆ ಹೋಗಿ ಕಿಟಕಿಯ ಬಳಿ ನಿಂತರು. ಒಂದು ಡಬ್ಬಿ ಎತ್ತಿದರು, ಇಳಿಸಿದರು, ಇನ್ನೊಂದನ್ನು ಎತ್ತಿದರು. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಮೂವತ್ತು ವರ್ಷ ಯಾವ ಯಾವ ರೀತಿಯಲ್ಲಿ ನೂಲನ್ನು ನೋಡಿದ್ದರೋ ಆ ಎಲ್ಲ ರೀತಿಯಲ್ಲೂ ನೋಡಿದರು. ಶಿಫ್ಟಿನ ಸೈರನ್ನು ಕೂಗಿತು. ಅವರು ಅಲುಗಲಿಲ್ಲ. ಕೊನೆಗೆ ಎರಡನ್ನೂ ನನ್ನ ಕಡೆ ಹಿಡಿದು, "ತಪ್ಪ ಇದ್ದದ್ದರ ಮ್ಯಾಲ ತಪ್ಪು ಅಂತ ಬರಿ" ಎಂದರು. ಹಳೆಯದರ ಮೇಲೆ ಪೆನ್ಸಿಲಿನಿಂದ ಬರೆದೆ. ಎರಡನ್ನೂ ಡಬ್ಬದ ಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದರು.

ಅವರು ಏನು ಮಾಡಲು ಹೋದರೆಂದು ನನಗೆ ಗೊತ್ತಿರಲಿಲ್ಲ. ನಾನೇನು ಮಾಡಿದೆ? ಕಾರ್ಖಾನೆಗೆ ಹೋಗಿ ಹೇಳಲಿಲ್ಲ. ಕ್ಲಾಸಿಗೂ ಹೋಗಲಿಲ್ಲ. ತಾರಸಿಯ ಬಟ್ಟೆ ಎತ್ತಿದೆ, ಎಲ್ಲ ಕಿಟಕಿ ಹಾಕಿದೆ, ಜ್ವರವೆಂದು ಅಮ್ಮನಿಗೆ ಸುಳ್ಳು ಹೇಳಿ ಅವಳನ್ನೂ ಹೊರಗೆ ಬಿಡದೆ ಕೂರಿಸಿಕೊಂಡೆ. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಎದ್ದು ನಿಲ್ಲುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಯಾವುದೋ ವಾಸನೆ ಬಂತು. ಅಭ್ಯಾಸಬಲದಿಂದ ಮೆಟ್ಟಿಲು ಇಳಿದು ಅವರ ಬಾಗಿಲಿಗೆ ಹೋದೆ, ಬೀಗ ನೋಡಿದೆ. ಇದು ಹೆದರುವುದೋ ಅಲ್ಲವೋ ಎಂದು ಹೇಳುವವರು ಇರಲಿಲ್ಲ. ಆ ಬೀಗದ ಮುಂದೆ ನಿಂತಾಗ ಆದಷ್ಟು ಭಯ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಐದು ಗಂಟೆಗೆ ಅವರು ನಡೆದು ಬಂದರು. ಬಾಗಿಲು ತೆಗೆಯದೆ ಮೆಟ್ಟಿಲ ಮೇಲೆ ಕೂತರು.

"ಸಾಹೇಬರ ಟೇಬಲ್ ಮ್ಯಾಲ ಎರಡೂ ಇಟ್ಟೆ. ಇದರಾಗ ಯಾವದು ತಪ್ಪು ಅಂತ ನನಗ ಗೊತ್ತಾಗೂದಿಲ್ಲ ಅಂದೆ. ಅವರಿಗೆ ಅರ್ಥ ಆತು." ಬೀಗದ ಕೈ ಹುಡುಕುತ್ತ, "ಇವತ್ತ ಹಂಡಿ ಬಂದ್ ಇತ್ತು" ಎಂದರು. ಅಷ್ಟೇ ಹೇಳಿ ಒಳಗೆ ಹೋದರು.

ಠಾಣೆ ಪಟ್ಟಣದ ಕಣ್ಣಿನ ಡಾಕ್ಟರು, ವರ್ಷಗಟ್ಟಲೆ ಕುಡಿದ ಹಬೆಯಿಂದ ಆಗಿರಬಹುದು, ಹೋದದ್ದು ಬರುವುದು ಕಷ್ಟ ಎಂದರಂತೆ. ಕಂಪನಿಯವರು ಅವರನ್ನು ಗೇಟಿನ ಹತ್ತಿರ ಲಾರಿಗಳ ನಂಬರು ಬರೆದುಕೊಳ್ಳಲು ಕೂರಿಸಿದರು. ನಾನು ಕ್ಲಾಸಿಗೆ ಹೋಗುವಾಗ ಆ ಗೇಟು ತಪ್ಪಿಸಿ ಸುತ್ತುದಾರಿಯಲ್ಲಿ ಹೋಗುತ್ತಿದ್ದೆ. ಅವರ ಜೇಬಿನಲ್ಲಿ ನೂಲಿನ ತುಂಡು ಇರುತ್ತಿರಲಿಲ್ಲ. ಭಾನುವಾರ ಅವರ ಬಾಗಿಲಿಗೆ ಹೆಂಗಸರು ಬರುವುದು ನಿಂತಿತು. ಸಿಕ್ಕರೆ "ಆರಾಮೇನು" ಎನ್ನುತ್ತಿದ್ದರು, ಮೊದಲಿನ ತಮಾಷೆ ಇರಲಿಲ್ಲ. ನಾಲ್ಕು ತಿಂಗಳಿಗೆ ಗೇಟಿನ ಕೆಲಸವನ್ನೂ ಬಿಟ್ಟು ಊರಿಗೆ ಹೊರಟರು. ಹೋಗುವ ದಿನ ಅಮ್ಮನಿಗೆ ಮಿಕ್ಕ ಜೋಳದ ಹಿಟ್ಟು ಕೊಟ್ಟು ಹೋದರು. ನಾನು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದೆ. ಅವರು ಕತ್ತೆತ್ತಿ ನೋಡಿದರು, ಟ್ರಂಕು ಎತ್ತಿಕೊಂಡು ನಡೆದರು. ನನ್ನನ್ನು ಕ್ಷಮಿಸಿಲ್ಲ ಎಂದು ಅವತ್ತೇ ತೀರ್ಮಾನಿಸಿಕೊಂಡೆ. ಆಮೇಲೆ ಒಮ್ಮೆಯೂ ಫೋನ್ ಮಾಡಲಿಲ್ಲ. ಅವರು ಬಾಯಿಬಿಟ್ಟು ಹೇಳಿಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ.

ಮದುವೆಯಾಗಿ ನವಿ ಮುಂಬಯಿಗೆ ಬಂದೆ. ಇಲ್ಲಿ ವಾಸನೆ ಬಂದರೆ ಕಿಟಕಿ ಹಾಕಲೋ ಬೇಡವೋ ಎಂದು ಕೇಳಲು ಯಾರೂ ಇಲ್ಲ. ಈಗ ನನ್ನ ಕೆಲಸ ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದು. ತಪ್ಪು ಸಿಕ್ಕಿದಾಗಲೆಲ್ಲ ಜೊತೆಯವರು ಖುಷಿಪಡುತ್ತಾರೆ, ನನಗೆ ಮಾತ್ರ ಒಂದು ಕ್ಷಣ ಬೆನ್ನಲ್ಲಿ ಚಳಿ ಇಳಿಯುತ್ತದೆ.

ರಬಕವಿಗೆ ನಾಳೆ ಫೋನ್ ಮಾಡುತ್ತೇನೆ ಎಂದದ್ದು ಮೂರು ದಿನ ಮುಂದೆ ಹೋಯಿತು. ನಾಲ್ಕನೇ ದಿನ ಧೈರ್ಯ ಮಾಡಿ ಅವರ ಮಗಳಿಗೆ ಫೋನು ಹಚ್ಚಿದೆ.

"ಆ ಡಬ್ಬಿ ಇದ್ದಾವಾ?"

"ಮುಂದ ಇಟ್ಟಕೊಂಡ ಕುಂತೀನ್ರಿ. ಒಂದರ ಮ್ಯಾಲ ತಪ್ಪು ಅಂತ ಬರದೈತಿ. ಅಪ್ಪಾರ ಅಕ್ಷರ ಅಲ್ರಿ ಅದು."

"ನನ್ನದು. ಅಪ್ಪ ಏನಾದರೂ ಹೇಳಿದ್ರಾ ಅದರ ಬಗ್ಗೆ?"

"ಏನೂ ಹೇಳಿಲ್ರಿ. ದೀಪಾವಳಿಗೆ ಟ್ರಂಕ್ ತಗದಾಗ ಧೂಳಾ ಒರಸಿ ತಿರುಗಿ ಇಡತಿದ್ರು. ನಾವು ಮುಟ್ಟಾಕ ಹೋದ್ರ ಬೈತಿದ್ರು." ಮತ್ತೆ ಅವಳೇ, "ಅಕ್ಕಾರ, ಒಂದ ಕೇಳ್ಲೇನ್ರಿ? ಚಂದ ಇದ್ದದ್ದಕ್ಕ ಏನೂ ಕಟ್ಟಿಲ್ಲ. ಈ ತಪ್ಪು ಅಂತ ಬರದದ್ದಕ್ಕ ದಾರಾ ಸುತ್ತಿ ಗಂಟ ಹಾಕ್ಯಾರ. ಯಾಕ್ರಿ?"

ಸರಿ ಬಂದ ಲಡಿಗೆ ಒಂದು ಗಂಟು, ತಿರುಗಿ ಹಂಡೆಗೆ ಹೋಗಬೇಕಾದದ್ದಕ್ಕೆ ಎರಡು: ಮಾಸ್ತರರ ಆ ಲೆಕ್ಕ ನೆನಪಾಯಿತು.

"ಎಷ್ಟು ಗಂಟು?" ಎಂದೆ. "ಕೈಯಿಂದ ಮುಟ್ಟಿ ಸರಿಯಾಗಿ ನೋಡು. ಒಂದೋ ಎರಡೋ?"

ಆ ಕಡೆ ಕಾಗದ ಸರಿದ ಸದ್ದಾಯಿತು. ಅವಳು ಬೆರಳಿನಿಂದ ತಡವುತ್ತಿದ್ದಳು.

"ಒಂದ ಐತ್ರಿ ಅಕ್ಕಾರ," ಎಂದಳು. "ಒಂದ ಗಂಟು."